ಮೆಂತ್ಯ ಹಾಕಿ ರುಬ್ಬಿದ ನೌರು

ದೀಕ್ಷಾ, ರೋಹನ್, ನಿಮ್ಮ ಅಜ್ಜಿ ಶಾಲೆಯಲ್ಲಿ ಕೆಲಸಕ್ಕಿದ್ದರು ಎಂದು ನೀವು ಹೇಳಿದಾಗಲೆಲ್ಲ ಕೇಳಿದವರು "ಓ, ಟೀಚರ್ ಆಗಿದ್ರಾ!" ಎನ್ನುತ್ತಾರೆ. ನೀವು ತಿದ್ದುವುದಿಲ್ಲ. ನಾನೂ ತಿದ್ದುವುದಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ನೋಡುತ್ತೇನೆ.

ನಾನು ಟೀಚರ್ ಆಗಿರಲಿಲ್ಲ. ಸಮಾಜ ವಿಜ್ಞಾನದ ಕೊಠಡಿಯಲ್ಲಿ ಸಹಾಯಕಿಯಾಗಿದ್ದೆ. ಟೀಚರ್ ಬರುವ ಮೊದಲು ನಕ್ಷೆ ತೂಗುಹಾಕುವುದು, ಹೋದ ಮೇಲೆ ಸುತ್ತಿಡುವುದು, ಗ್ಲೋಬಿನ ಧೂಳು ಒರೆಸುವುದು, ಮಕ್ಕಳು ಮುರಿದ ಪಿರಮಿಡ್ಡಿಗೆ ಅಂಟು ಹಚ್ಚುವುದು, ಇದು ನನ್ನ ಕೆಲಸ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳಿಗೆ ಅದೇ ಹೆಚ್ಚು. ಅಷ್ಟನ್ನೂ ನಾನು ಸರಿಯಾಗಿ ಮಾಡಲಿಲ್ಲ ಎಂಬುದನ್ನು ಮುಂದೆ ಓದುತ್ತೀರಿ.

ಮುಂದಿನ ವಾರ ದೀಕ್ಷಾ ಒಂದು ಶಾಲೆಗೆ ಸಹಾಯಕ ಟೀಚರ್ ಆಗಿ ಸೇರುತ್ತಾಳೆ. "ಶಾಲೆಯ ಕೆಲಸ ಒಳಗಿಂದ ಹೇಗಿರ್ತದೆ ಅಂತ ಬರೀರಿ ಅಜ್ಜಿ" ಎಂದವಳು ಅವಳೇ. ಕನ್ನಡದಲ್ಲಿ ಬರೆದರೆ ನೀನು ಓದುವುದುಂಟಾ ಎಂದೆ. "ಅಮ್ಮ ಓದಿ ಹೇಳ್ತಾರೆ, ನೋ ಟೆನ್ಶನ್" ಎಂದಳು. ಆದ್ದರಿಂದ ಸಂಧ್ಯಾ, ಇದನ್ನು ಮಕ್ಕಳಿಗೆ ಓದುವಾಗ ನಿನ್ನ ಬಗ್ಗೆ ಬರೆದದ್ದನ್ನು ನುಂಗಬೇಡ.

ನಿಮ್ಮ ಅಜ್ಜ ಏಸಿ ರಿಪೇರಿಯವರು. ಒಂದು ದಿನ ಕೆಲಸದಿಂದ ಬಂದು, ಎದೆ ಭಾರ ಎಂದು ಕೂತವರು ಮತ್ತೆ ಏಳಲಿಲ್ಲ. ನಾವು ಆಗ ದೋಹಾದ ಮದೀನತ್ ಖಲೀಫಾದಲ್ಲಿ ಒಂದು ಹಳೆಯ ವಿಲ್ಲಾದ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆವು. ಸಂಧ್ಯಾ ಎಂಟನೆಯ ತರಗತಿ. ಅವಳೂ ನಾನೂ ಈ ದೇಶದಲ್ಲಿ ಇದ್ದದ್ದು ಅವರ ವೀಸಾದ ಬಲದಿಂದ. ಅವರೇ ಇಲ್ಲವೆಂದ ಮೇಲೆ ನಮಗೆ ಸ್ವಲ್ಪ ಸಮಯ ಸಿಗುತ್ತದೆ, ಅಷ್ಟರಲ್ಲಿ ಯಾರಾದರೂ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡು ತಮ್ಮ ಹೆಸರಿನಲ್ಲಿ ವೀಸಾ ಮಾಡಿಸಬೇಕು, ಇಲ್ಲದಿದ್ದರೆ ಊರಿಗೆ ಹೊರಡಬೇಕು ಎಂದು ತಿಳಿದವರು ಹೇಳಿದರು. ಊರಿಗೆ ಹೋಗುವುದಕ್ಕೆ ನನಗೆ ನಾಚಿಕೆಯೇನೂ ಇರಲಿಲ್ಲ. ಆದರೆ ಸಂಧ್ಯಾ ಅಪ್ಪನನ್ನು ಕಳಕೊಂಡ ಕೂಡಲೇ ಶಾಲೆಯನ್ನೂ ಗೆಳತಿಯರನ್ನೂ ಕಳಕೊಳ್ಳುತ್ತಾಳೆ. ಅವಳು ಒಂದು ಮಾತನ್ನೂ ಆಡದೆ ತನ್ನ ಪುಸ್ತಕಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಳು. ಆ ಪೆಟ್ಟಿಗೆಯನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅವಳ ಶಾಲೆಯಲ್ಲೇ ಸಹಾಯಕಿಯ ಜಾಗ ಖಾಲಿ ಇತ್ತು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ನನ್ನ ಇಂಗ್ಲಿಷ್ ಆಗ ಎರಡು ಮಾತಿನದು: "ಯೆಸ್ ಸರ್" ಮತ್ತು "ನೋ ಪ್ರಾಬ್ಲಂ." ಮೊದಲನೆಯದನ್ನು ಎಲ್ಲ ಪ್ರಶ್ನೆಗೂ, ಎರಡನೆಯದನ್ನು ಅವರು ಹುಬ್ಬು ಗಂಟಿಕ್ಕಿದಾಗಲೆಲ್ಲ ಹೇಳಿದೆ. ಹೊರಗೆ ಬಂದ ಮೇಲೆ ಗೊತ್ತಾಯಿತು, ಪೂರ್ವಾನುಭವ ಉಂಟೇ ಎಂಬುದಕ್ಕೂ ಯೆಸ್ ಎಂದಿದ್ದೆ. "ಚಳಿಗಾಲದ ಪ್ರದರ್ಶನ ಮುಗೀಲಿ, ಅಲ್ಲಿವರೆಗೆ ಕೆಲಸ ನೋಡ್ತೀವಿ. ಆಮೇಲೆ ವೀಸಾ ವಿಚಾರ" ಎಂದು ತೀರ್ಮಾನವಾಯಿತು. ಇದನ್ನು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ವಿಭಾಗದ ಮುಖ್ಯಸ್ಥೆ ನಾಗರತ್ನ ಮಿಸ್. ಮೈಸೂರಿನವರು, ದಪ್ಪ ಕನ್ನಡಕ, ಬಾಯಿ ಜೋರು, ಮನಸ್ಸು ಮೆತ್ತಗೆ.

"ಏನ್ರೀ ಗಿರಿಜಾ, ಭೂಗೋಳ ಗೊತ್ತೇನ್ರೀ?" ಎಂದು ಮೊದಲ ದಿನವೇ ಕೇಳಿದರು.

"ಗೊತ್ತುಂಟು ಮಿಸ್" ಎಂದೆ. ನನಗೆ ಗೊತ್ತಿದ್ದದ್ದು ಸಮುದ್ರ ಪಶ್ಚಿಮಕ್ಕೆ, ಘಟ್ಟ ಪೂರ್ವಕ್ಕೆ ಎಂಬುದು. ದೋಹಾದಲ್ಲಿ ಸಮುದ್ರ ಪೂರ್ವಕ್ಕಿದೆ. ಅದೂ ತಪ್ಪಿಹೋಯಿತು.

ಆ ಕೊಠಡಿಯಲ್ಲಿ ಒಂದು ದೊಡ್ಡ ಗ್ಲೋಬು ಇತ್ತು. ವರ್ಷಗಟ್ಟಲೆ ಯಾರೂ ಮುಟ್ಟದೆ ಕೊಳೆ ಹಿಡಿದಿತ್ತು. ವಾಸನೆಯಿಲ್ಲದ ಸೋಪು ನೀರು ಮಾಡಿಕೊಂಡು ತೊಳೆಯಲು ಕೂತೆ. ಭೂಭಾಗವೆಲ್ಲ ಸುಲಭವಾಗಿ ಹೊಳೆಯಿತು. ನೀಲಿ ಭಾಗದಲ್ಲಿ ಮಾತ್ರ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ನೋಡಿದರೆ ನೊಣದ ಹಿಕ್ಕೆ. ನಮ್ಮ ಮನೆಯ ದೇವರ ಪಟದ ಗಾಜಿನ ಮೇಲೆ ಇಂಥ ಎಷ್ಟು ಚುಕ್ಕೆಗಳನ್ನು ತೆಗೆದಿಲ್ಲ ನಾನು! ಪಾತ್ರೆ ತಿಕ್ಕುವ ಜಾಲರಿಯನ್ನು ಹಗುರವಾಗಿ ಆಡಿಸಿದೆ. ಚುಕ್ಕೆಗಳು ಹೋದವು. ಸಮುದ್ರ ಚೊಕ್ಕವಾಯಿತು. ಊರಿನ ಯಾವ ಅತ್ತೆ ನೋಡಿದ್ದರೂ ಮೆಚ್ಚುತ್ತಿದ್ದಳು.

ಆ ವರ್ಷದ ಪ್ರದರ್ಶನಕ್ಕೆ ಪ್ರತಿ ತರಗತಿಗೂ ಒಂದು ದೇಶ ಎಂದು ಚೀಟಿ ಎತ್ತಿದರು. ಏಳನೆಯ ತರಗತಿಗೆ ನೌರು ಬಂತು. ಅದರ ಬಗ್ಗೆ ಮಾತಾಡಲು ಆರಿಸಿದ್ದು ಅಫ್ರೀನ್ ಎಂಬ ಹುಡುಗಿಯನ್ನು. ಸುರತ್ಕಲ್ ಕಡೆಯ ಬ್ಯಾರಿ ಮನೆಯವಳು, ನನ್ನ ಹತ್ತಿರ ತುಳುವಿನಲ್ಲೂ ಕನ್ನಡದಲ್ಲೂ ಪಟಪಟ ಮಾತು. ಅವಳು ಗ್ಲೋಬಿನ ಹತ್ತಿರ ಬಂದು ಒಂದು ಕೈಯಲ್ಲಿ ಪುಸ್ತಕ ಹಿಡಿದು ಹುಡುಕತೊಡಗಿದಳು.

"ಎಂತ ಆಂಟಿ ಇದು, ನೌರು ಇಲ್ವಲ್ಲ. ಸಮಭಾಜಕದ ಹತ್ರವೇ ಉಂಟು ಅಂತ ಪುಸ್ತಕದಲ್ಲಿ ಉಂಟು."

ನಾಗರತ್ನ ಮಿಸ್ ಬಂದು ಕನ್ನಡಕ ಏರಿಸಿ ನೋಡಿದರು. "ಇತ್ತು ಕಣೇ, ಹೋದ ವರ್ಷ ನಾನೇ ತೋರ್ಸಿದ್ದೆ. ಕಿರಿಬಾಟಿನೂ ಇಲ್ಲ. ತುವಾಲೂನೂ ಇಲ್ಲ. ಏನಾಯ್ತು, ಎಲ್ಲ ಒಟ್ಟಿಗೆ ಮುಳುಗೋದ್ವಾ?"

ನಾನು ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದೆ. "ಮಿಸ್, ಅದು ನೊಣದ್ದು ಅಂತ..." ಎಂದೆ.

ಮಿಸ್ ನನ್ನನ್ನು ನೋಡಿದರು, ಗ್ಲೋಬನ್ನು ನೋಡಿದರು, ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಶಿವನೇ! ಅಲ್ರೀ, ಯಾವ ಚಕ್ರವರ್ತಿನೂ ಇಷ್ಟು ದೇಶ ಅಳಿಸಿಲ್ಲ ಕಣ್ರೀ, ಅದೂ ಸೋಪು ಹಾಕಿ!" ಆಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಉಳಿದ ದೇಶಗಳನ್ನು ಅಫ್ರೀನ್ ಇಟ್ಟಳು. ಹೊರಡುವಾಗ ಮಿಸ್ ತಗ್ಗಿದ ದನಿಯಲ್ಲಿ, "ಇದನ್ನ ಪ್ರಿನ್ಸಿಪಾಲರ ಕಿವಿಗೆ ಹಾಕೋದು ಬೇಡ. ಆದ್ರೆ ಪ್ರದರ್ಶನದಲ್ಲಿ ನಿಮ್ಮ ಕೈಕೆಲಸ ಅವರಿಗೆ ಕಾಣ್ಬೇಕು. ಅದರ ಮೇಲೇ ನಿಮ್ಮ ವೀಸಾ ನಿಂತಿದೆ" ಎಂದರು.

ನನಗೆ ಒಪ್ಪಿಸಿದ್ದು ನೌರುವಿನ ಮಾದರಿ ಮಾಡುವ ಕೆಲಸ. ಮಿಸ್ ಒಂದು ನಕ್ಷೆ ಕೊಟ್ಟು ವಿವರಿಸಿದರು. ಪೆಸಿಫಿಕ್ ಸಾಗರದ ಮಧ್ಯೆ ಮೊಟ್ಟೆಯಾಕಾರದ ಒಂದು ದ್ವೀಪ. ಪ್ರಪಂಚದ ಅತಿ ಚಿಕ್ಕ ಗಣರಾಜ್ಯ. ರಾಜಧಾನಿ ಎಂದು ಹೆಸರಿಸಿದ ಊರೇ ಇಲ್ಲ. ಅಂಚಿನಲ್ಲಿ ಸುತ್ತಲೂ ಒಂದು ರಸ್ತೆ, ರಸ್ತೆಗೆ ತಾಗಿ ತೆಂಗಿನ ಮರಗಳು ಮತ್ತು ಮನೆಗಳು. ನಡುವೆ ಎತ್ತರದ ಬಯಲು. ಒಂದು ಪಕ್ಕಕ್ಕೆ ಸಣ್ಣ ಕೆರೆ. "ಉಳಿದದ್ದು ಅಫ್ರೀನ್ ಓದ್ಕೊಂಡು ನಿಮಗೆ ಹೇಳ್ತಾಳೆ" ಎಂದರು. ತೆಂಗಿನ ಮರ ಎಂದದ್ದೇ ಸಾಕು, ನನಗೆ ಧೈರ್ಯ ಬಂತು. ಉಳಿದದ್ದನ್ನು ಕೇಳುವ ಅಗತ್ಯ ಕಾಣಲಿಲ್ಲ.

ಆಗ ಶಾಲೆಗಳಲ್ಲಿ ಮಾದರಿಯೆಂದರೆ ಥರ್ಮೋಕೋಲು. ನನಗೆ ಅದನ್ನು ಕತ್ತರಿಸಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಊರಿನ ಒಂದೇ ವಿದ್ಯೆ. ನಮ್ಮ ಕಡೆ ಬಿದಿರಿನ ಮೊರ ಹಳತಾಗಿ ಸಂದಿ ಬಿಟ್ಟರೆ, ಹಳೆಯ ಕಾಗದವನ್ನು ನೆನೆಸಿ, ಮೆಂತ್ಯ ಹಾಕಿ ನುಣ್ಣಗೆ ರುಬ್ಬಿ, ಆ ಹಿಟ್ಟನ್ನು ಮೊರಕ್ಕೆ ಬಳಿದು ಒಣಗಿಸುತ್ತಾರೆ. ಒಣಗಿದರೆ ಹಲಗೆಯಂತೆ ಗಟ್ಟಿ. ಒಂದು ತೂತೂ ಉಳಿಯಬಾರದು, ಉಳಿದರೆ ನುಚ್ಚು ಸೋರುತ್ತದೆ. ನನ್ನ ಅಮ್ಮ ಬಳಿದ ಮೊರವನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತಿದ್ದಳು. ಸಿಕ್ಕಿದರೆ ನನ್ನ ಕೈಗೆ ಒಂದು ಪೆಟ್ಟು. ಹಾಗೆ ಕಲಿತ ವಿದ್ಯೆ ಅದು.

ಶಾಲೆಯ ಕ್ಯಾಂಟೀನಿನ ಹಳೆಯ ಮಲಯಾಳಂ ಪೇಪರುಗಳನ್ನು ತಂದು ನೆನೆಸಿದೆ. ಮನೆಯ ಮಿಕ್ಸಿಯಲ್ಲಿ ಮೆಂತ್ಯದ ಜೊತೆ ರುಬ್ಬಿದೆ. ಮುಂದೆ ಬಹಳ ದಿನ ಆ ಮಿಕ್ಸಿಯಲ್ಲಿ ಮಾಡಿದ ಚಟ್ನಿಯನ್ನು ಸಂಧ್ಯಾ ಮೂಸಿ ನೋಡಿಯೇ ತಿನ್ನುತ್ತಿದ್ದಳು. ದೊಡ್ಡ ಹಲಗೆಯ ಮೇಲೆ ಪೇಪರಿನ ಉಂಡೆಗಳನ್ನಿಟ್ಟು, ಮೇಲೆ ಹಿಟ್ಟು ಬಳಿದು ದ್ವೀಪ ಎಬ್ಬಿಸಿದೆ. ನಡುವಿನ ಬಯಲನ್ನು ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದೆ. ಒಣಗಲೆಂದು ಕೊಠಡಿಯ ಕಿಟಕಿ ತೆರೆದಿಟ್ಟು ಬಸ್ಸಿಗೆ ಓಡಿದೆ.

ಮರುದಿನ ಬೆಳಿಗ್ಗೆ ಬಂದು ನೋಡುತ್ತೇನೆ, ನಡುವಿನ ಬಯಲೆಲ್ಲ ಗುಳಿ! ಬೆರಳಿನಿಂದ ಕೆದಕಿದ ಹಾಗೆ, ಕೊಕ್ಕಿನಿಂದ ಕುಕ್ಕಿದ ಹಾಗೆ. ಗುಳಿಗಳ ನಡುವೆ ಮುರಿದ ಸೀಮೆಸುಣ್ಣದ ತುಂಡುಗಳು ಬೇರೆ ನೆಟ್ಟಗೆ ಚುಚ್ಚಿಕೊಂಡಿವೆ. ಕಿಟಕಿಯ ಏಸಿ ಪೆಟ್ಟಿಗೆಯ ಮೇಲೆ ಎರಡು ಪಾರಿವಾಳಗಳು ಏನೂ ಗೊತ್ತಿಲ್ಲದವರ ಹಾಗೆ ಗುಟುರು ಹಾಕುತ್ತ ಕೂತಿದ್ದವು.

ನನಗೆ ಎಲ್ಲ ಅರ್ಥವಾಯಿತು. ಮೆಂತ್ಯದ ಆಸೆಗೆ ಪಾರಿವಾಳ ಕುಕ್ಕಿದೆ, ಅದನ್ನು ನೋಡಿದ ಯಾವನೋ ತುಂಟ ಸೀಮೆಸುಣ್ಣ ಚುಚ್ಚಿದ್ದಾನೆ. ಪಾರಿವಾಳಗಳಿಗೆ ಕನ್ನಡ, ತುಳು ಎರಡರಲ್ಲೂ ಬೈದೆ. ಅರಬ್ಬಿ ದೇಶದ ಹಕ್ಕಿಗಳಲ್ಲವೇ ಎಂದು "ಯಲ್ಲಾ, ಯಲ್ಲಾ" ಎಂದು ಪೊರಕೆಯನ್ನೂ ಬೀಸಿದೆ. ಆಮೇಲೆ ಉಳಿದ ಹಿಟ್ಟನ್ನು ತಂದು ಗುಳಿಗಳನ್ನು ತುಂಬಿದೆ. ಸೀಮೆಸುಣ್ಣ ಗಟ್ಟಿಯಾಗಿ ಕಚ್ಚಿಕೊಂಡಿದ್ದರಿಂದ ಕೀಳದೆ ಹಾಗೆಯೇ ಮುಚ್ಚಿದೆ. ಸವರಿದೆ. ಬಿಸಿಲಿಗೆ ಹಿಡಿದು ತೂತು ಹುಡುಕಿದೆ, ಇರಲಿಲ್ಲ. ಮೇಲೆ ಹಸಿರು ಬಣ್ಣ ಬಳಿದೆ. ಬಯಲು ಬೋಳಾಗಿ ಕಂಡಿತೆಂದು ನಮ್ಮ ಊರಿನ ಹೊಳೆಯ ಹಾಗೆ ಒಂದು ನೀಲಿ ಗೆರೆ ಎಳೆದೆ. ಹೊಳೆ ಇದ್ದ ಮೇಲೆ ಗದ್ದೆ ಬೇಡವೇ? ಎರಡು ಗದ್ದೆ ಹಾಕಿದೆ. ಎಲ್ಲರಿಗೂ ಒಮ್ಮೆಲೇ ಅಚ್ಚರಿಯಾಗಲಿ ಎಂದು ಬೆಡ್‌ಶೀಟ್ ಮುಚ್ಚಿ, ಯಾರೂ ತೆಗೆಯಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದೆ. ಆ ದಿನ ಮನೆಗೆ ಹೋಗುವಾಗ, ರಟ್ಟಿನ ಪೆಟ್ಟಿಗೆ ಬಿಚ್ಚು ಮಗಾ ಎಂದು ಸಂಧ್ಯಾಳಿಗೆ ಹೇಳಬೇಕು ಎಂದುಕೊಂಡೆ. ಯಾಕೋ ಹೇಳಲಿಲ್ಲ. ಒಳ್ಳೆಯದೇ ಆಯಿತು.

ಗುರುವಾರ ಪ್ರದರ್ಶನ. ಮುಖ್ಯ ಅತಿಥಿ ಎಣ್ಣೆ ಕಂಪನಿಯ ಹಿರಿಯ ಎಂಜಿನಿಯರರು, ಭೂಮಿ ಕೊರೆಯುವ ಕೆಲಸವನ್ನೇ ಮಾಡಿದವರು. ಅವರೂ ಪ್ರಿನ್ಸಿಪಾಲರೂ ಸಾಲಾಗಿ ಒಂದೊಂದು ಮೇಜು ನೋಡುತ್ತ ನಮ್ಮ ಕಡೆ ಬಂದರು. ನಾನು ಬೆಡ್‌ಶೀಟ್ ಎತ್ತಿದೆ.

ಅಫ್ರೀನ್‌ಳ ಮುಖ ನೋಡಬೇಕಿತ್ತು. "ಆಂಟಿ," ಎಂದಳು ಉಸಿರಿನಲ್ಲೇ, "ನನ್ನ ಗುಂಡಿಗಳು ಎಲ್ಲಿ?"

"ಯಾವ ಗುಂಡಿ?"

"ನಾನೇ ಮಾಡಿದ್ದಲ್ವಾ, ಸಂಜೆ ಕೂತು! ನೌರು ಅಂದ್ರೆ ಅದೇ ಅಲ್ವಾ ಆಂಟಿ, ನಡೂಲೆಲ್ಲ ಅಗೆದು ಅಗೆದು ಹಾಳಾದ ದೇಶ. ಚಾಕ್‌ಪೀಸ್ ಎಲ್ಲ ಹವಳದ ಕಲ್ಲು!"

ನಾಗರತ್ನ ಮಿಸ್ ಹಣೆ ಹಿಡಿದುಕೊಂಡರು. ಹುಡುಗಿಗೆ ಅನುಮತಿ ಕೊಟ್ಟವರು ಅವರೇ, ನನಗೆ ಹೇಳಲು ಮರೆತವರೂ ಅವರೇ. ಕಣ್ಣ ಮುಂದೆ ಬಂದದ್ದು ನೌರು ಅಲ್ಲ, ಆ ರಟ್ಟಿನ ಪೆಟ್ಟಿಗೆ.

ಅತಿಥಿಗಳು ಬಗ್ಗಿ ನೋಡಿ, "ತುಂಬಾ ಹಸಿರಾಗಿದೆ. ಈ ನದಿಯ ಹೆಸರೇನು?" ಎಂದು ಕೇಳಿದರು.

ನೌರುವಿನಲ್ಲಿ ನದಿಯೇ ಇಲ್ಲ. ಅದು ನನಗೆ ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಪ್ರಿನ್ಸಿಪಾಲರಿಗೂ. ಅವರು ನನ್ನನ್ನೇ ನೋಡುತ್ತಿದ್ದರು.

ಅಫ್ರೀನ್ ಮೇಜಿನ ಮುಂದೆ ಬಂದು ನಿಂತಳು. ಆಮೇಲೆ ಮಾತು ಶುರುಮಾಡಿದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಮುಂದಿನ ವರ್ಷಗಳಲ್ಲಿ ಎಷ್ಟೋ ಸಲ ಕೇಳಿ ನನಗೆ ಬಾಯಿಪಾಠವಾಗಿರುವುದರಿಂದ ಕನ್ನಡದಲ್ಲಿ ಬರೆಯುತ್ತೇನೆ.

"ಸರ್, ಅದು ನದಿಯಲ್ಲ. ನಮ್ಮ ಆಂಟಿಯ ಊರಿನಲ್ಲಿ ಹೊಳೆ ಉಂಟು, ಅದಕ್ಕೆ ಹಾಕಿದ್ದಾರೆ." ಎಲ್ಲರೂ ನಕ್ಕರು. "ಇದು ಹಳೆಯ ನೌರು. ಹಡಗಿನಲ್ಲಿ ಬಂದ ಒಬ್ಬ ಇಂಗ್ಲಿಷ್ ಕಪ್ತಾನ ಇದನ್ನು ನೋಡಿ ಮನೋಹರ ದ್ವೀಪ ಎಂದು ಹೆಸರಿಟ್ಟ. ಆಗ ಹೀಗೇ ಹಸಿರಾಗಿತ್ತು. ಆಮೇಲೆ ಏನಾಯಿತು ಎಂದು ಈಗ ತೋರಿಸುತ್ತೇವೆ." ನನ್ನ ಕಡೆ ತಿರುಗಿ, "ಆಂಟಿ, ಚಮಚ ಉಂಟಾ?"

ಹಿಟ್ಟು ಕಲಸಿದ ಸ್ಟೀಲಿನ ಚಮಚ ನನ್ನ ಚೀಲದಲ್ಲೇ ಇತ್ತು.

"ನಾನು ಹೇಳಿದಾಗ ಅಗೀರಿ. ನಿಲ್ಸಿ ಅಂದಾಗ ನಿಲ್ಸಿ."

"ಇಷ್ಟು ಜನರ ಎದುರಾ?" ಎಂದೆ.

"ಮುಚ್ಚಿದ್ದು ಯಾರು ಆಂಟಿ?"

ಚಮಚ ಹಿಡಿದು ಮೇಜಿನ ಹತ್ತಿರ ಹೋದೆ.

ಅವಳು ಹೇಳತೊಡಗಿದಳು. ಸಿಡ್ನಿಯ ಒಂದು ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ಕಲ್ಲನ್ನು ಅಡ್ಡ ಇಟ್ಟಿದ್ದರು. ನೌರುವಿನಿಂದ ತಂದ ಕಲ್ಲು. ಒಬ್ಬನಿಗೆ ಅನುಮಾನ ಬಂದು ಪರೀಕ್ಷೆ ಮಾಡಿಸಿದರೆ ಅದು ಉತ್ತಮ ಜಾತಿಯ ಫಾಸ್ಫೇಟು, ಗೊಬ್ಬರದ ಕಲ್ಲು. ಎಷ್ಟೋ ಸಾವಿರ ವರ್ಷ ಕಡಲ ಹಕ್ಕಿಗಳು ಹಾಕಿದ ಹಿಕ್ಕೆಯೇ ಹಾಗೆ ಕಲ್ಲಾಯಿತು ಎಂದು ಹೇಳುತ್ತಾರೆ. ಆಗ ದ್ವೀಪ ಜರ್ಮನರ ಕೈಯಲ್ಲಿತ್ತು. "ಅಗೀರಿ ಆಂಟಿ." ಅಗೆದೆ. ಮೊದಲ ಯುದ್ಧದ ನಂತರ ಆಸ್ಟ್ರೇಲಿಯ, ಬ್ರಿಟನ್, ನ್ಯೂಜಿಲೆಂಡ್ ಸೇರಿ ವಹಿಸಿಕೊಂಡವು. ನೌರುವಿನ ಮಣ್ಣು ಹಡಗು ಹತ್ತಿ ಅವರ ಹೊಲಗಳಿಗೆ ಹೋಯಿತು. "ಅಗೀರಿ." ತುಂಬಿದ ಹಿಟ್ಟು ಒಳಗೆ ಇನ್ನೂ ಹಸಿಯಾಗಿತ್ತು, ಸಲೀಸಾಗಿ ಬಂತು. ಎರಡನೆಯ ಯುದ್ಧದಲ್ಲಿ ಜಪಾನಿನವರು ಬಂದು ಅಲ್ಲಿನ ಜನರಲ್ಲಿ ಹೆಚ್ಚಿನವರನ್ನು ಹಡಗಿನಲ್ಲಿ ದೂರದ ಬೇರೊಂದು ದ್ವೀಪಕ್ಕೆ ಸಾಗಿಸಿದರು. "ನಿಲ್ಸಿ." ನಿಲ್ಲಿಸಿದೆ. ಹಸಿವೆಯಿಂದ ರೋಗದಿಂದ ಎಷ್ಟೋ ಮಂದಿ ಸತ್ತರು, ಉಳಿದವರು ಯುದ್ಧ ಮುಗಿದ ಮೇಲೆ ತಿರುಗಿ ಬಂದರು. "ಅಗೀರಿ."

ಮುಂದಿನದನ್ನು ಹೇಳುವಾಗ ಅವಳಿಗೆ ನನ್ನ ಕಥೆ ಗೊತ್ತಿರಲಿಲ್ಲ. ನೆಲ ಹೀಗೆ ಖಾಲಿಯಾಗುತ್ತ ಬಂದಾಗ ಅವರಿಗೆ, ನಿಮಗೆ ಬೇರೆ ಒಂದು ದ್ವೀಪ ಕೊಡುತ್ತೇವೆ, ಎಲ್ಲರೂ ಅಲ್ಲಿಗೆ ಹೋಗಿ ಎಂದರಂತೆ. ಅವರು ಇಲ್ಲಿಂದ ಕದಲುವುದಿಲ್ಲ ಎಂದರಂತೆ. ನಾನು ಇಂಗ್ಲಿಷಿನಲ್ಲಿ ಅಷ್ಟನ್ನು ಮಾತ್ರ ಹೇಗೆ ಅರ್ಥ ಮಾಡಿಕೊಂಡೆನೋ ಕಾಣೆ. ಚಮಚ ನೆಟ್ಟಲ್ಲೇ ನಿಂತಿತು.

"ಅಗೀರಿ ಆಂಟಿ," ಎಂದು ಅಫ್ರೀನ್ ಮೆಲ್ಲಗೆ ತಿವಿದಳು. "ಈಗ ಸ್ವಾತಂತ್ರ್ಯ ಬಂತು."

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಗಣರಾಜ್ಯವಾಯಿತು. ಅಗೆಯುವ ಕೆಲಸ ಈಗ ಅವರದ್ದೇ. ಸ್ವಲ್ಪ ಕಾಲ ಬಹಳ ಶ್ರೀಮಂತರಾದರು. "ಜೋರಾಗಿ ಅಗೀರಿ!" ನಾಚಿಕೆ ಎಲ್ಲಿ ಹೋಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಗೆದೆ. ನನ್ನ ಹೊಳೆ ಹೋಯಿತು, ನನ್ನ ಎರಡು ಗದ್ದೆ ಹೋದವು. ಹಿಟ್ಟು ಹೋದ ಹಾಗೆ ನಾನು ಮುಚ್ಚಿದ್ದ ಸೀಮೆಸುಣ್ಣದ ತುಂಡುಗಳು ಒಂದೊಂದಾಗಿ ಬೆಳ್ಳಗೆ ತಲೆ ಎತ್ತಿದವು. ಒಂದು ಕಡೆ ಮಲಯಾಳಂ ಪೇಪರೂ ಇಣುಕಿತು.

ಎಂಜಿನಿಯರರು ಕೈಕಟ್ಟಿ ನೋಡುತ್ತಿದ್ದವರು ಮುಂದೆ ಬಂದು ಒಂದು ಸೀಮೆಸುಣ್ಣವನ್ನು ಬೆರಳಿನಿಂದ ಮುಟ್ಟಿದರು. "ಹೀಗೇ ಇರುತ್ತದೆ. ಹವಳದ ಕಲ್ಲಿನ ಸಂದಿಯಲ್ಲೇ ಫಾಸ್ಫೇಟು ಇರುವುದು. ತೆಗೆದ ಮೇಲೆ ಉಳಿಯುವುದು ಇವು ಮಾತ್ರ" ಎಂದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು, "ಇದನ್ನು ತಿರುಗಿ ತುಂಬಲು ಸಾಧ್ಯವೇ?"

ಅವರು ಕೇಳಿದ್ದು ಆ ದೇಶದ ಬಗ್ಗೆ. ನನಗೆ ನನ್ನ ಹಲಗೆಯದೇ ಚಿಂತೆ.

"ಯೆಸ್ ಸರ್," ಎಂದೆ. "ನೋ ಪ್ರಾಬ್ಲಂ. ಮೆಂತ್ಯ."

ನಾಗರತ್ನ ಮಿಸ್ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದರು. ಪ್ರಿನ್ಸಿಪಾಲರು ನಗಲಿಲ್ಲ. "ಟೇಬಲ್ ಕ್ಲೀನ್ ಮಾಡಿ" ಎಂದಷ್ಟೇ ಹೇಳಿ ಮುಂದಿನ ದೇಶಕ್ಕೆ ಹೋದರು. ನಾನು ನೌರುವಿನ ಮಣ್ಣನ್ನೆಲ್ಲ ಬಾಚಿ ಬಕೆಟ್ಟಿಗೆ ಹಾಕಿದೆ. ಮನೆಗೆ ಹೋಗಿ ಊರಿಗೆ ಯಾವ ಸೀರೆ ಉಟ್ಟು ಹೋಗುವುದು ಎಂದು ಯೋಚಿಸಿದೆ.

ಶುಕ್ರವಾರ, ಶನಿವಾರದ ವಾರದ ರಜೆ ಕಳೆದು ಭಾನುವಾರ ಶಾಲೆಗೆ ಕಾಲಿಟ್ಟ ಕೂಡಲೇ ಮಿಸ್ ಎದುರಾದರು. "ಎಲ್ರೀ ಪಾಸ್‌ಪೋರ್ಟು?"

"ಯಾಕೆ ಮಿಸ್?"

"ವೀಸಾಕ್ಕೆ ಕಣ್ರೀ! ನಾಳೆನೇ ತನ್ನಿ. ಮುಂದಿನ ವರ್ಷನೂ ಅದೇ ಐಟಂ ಬೇಕಂತೆ ಪ್ರಿನ್ಸಿಪಾಲರಿಗೆ. ಹಸಿರಾಗಿ ಮಾಡೋದು, ಎಲ್ಲರ ಎದುರು ಅಗೆಯೋದು. ಮಾಡೋರು ಇಲ್ಲೇ ಇರಬೇಕಲ್ಲ!"

ಆ ಸಂಜೆ ನಾನು ಏನೂ ಹೇಳುವ ಮೊದಲೇ ಸಂಧ್ಯಾ ನನ್ನ ಮುಖ ನೋಡಿ ಪೆಟ್ಟಿಗೆಯಿಂದ ಪುಸ್ತಕ ತೆಗೆಯತೊಡಗಿದಳು. ಸಂಧ್ಯಾ, ಇದನ್ನು ನುಂಗಬೇಡ ಎಂದದ್ದು ಇದಕ್ಕೇ. ಆ ದಿನ ನೀನು ಮೊದಲು ತೆಗೆದದ್ದು ಲೆಕ್ಕದ ಪುಸ್ತಕ. ಈ ಮಗುವಿಗೆ ಇಷ್ಟು ಆಸೆ ಇತ್ತೇ ಎಂದು ನಾನು ಅಡುಗೆಮನೆಗೆ ಹೋಗಿ ನೀರುಳ್ಳಿ ಹೆಚ್ಚಿದೆ, ಸಾರಿಗೆ ಬೇಕಿಲ್ಲದಿದ್ದರೂ.

ಹಾಗೆ ನಾನು ನಿವೃತ್ತಿಯಾಗುವವರೆಗೆ ಪ್ರತಿ ಚಳಿಗಾಲ ಒಂದು ಹಸಿರು ನೌರು ಮಾಡಿದೆ, ಪ್ರತಿ ಚಳಿಗಾಲ ಅದನ್ನು ಅಗೆದೆ. ಕಾಲ ಬದಲಾಯಿತು. ಕೋಲಿಗೆ ಸುತ್ತಿದ ನಕ್ಷೆ ಹೋಗಿ ಪ್ರೊಜೆಕ್ಟರ್ ಬಂತು, ಅದೂ ಹೋಗಿ ಬೆರಳು ಮುಟ್ಟಿದರೆ ಓಡುವ ಬೋರ್ಡು ಬಂತು. ಅದರಲ್ಲಿ ನೌರುವನ್ನು ಎಷ್ಟು ದೊಡ್ಡದು ಮಾಡಿ ಬೇಕಾದರೂ ನೋಡಬಹುದು. ಸೋಪು ಹಾಕಿದರೂ ಅಳಿಯುವುದಿಲ್ಲ, ಒಮ್ಮೆ ಒರೆಸಿ ನೋಡಿದ್ದೇನೆ. ಬೋರ್ಡು ಕೆಟ್ಟಿತು, ನೌರು ಅಳಿಯಲಿಲ್ಲ. ನಾಗರತ್ನ ಮಿಸ್ ಮೈಸೂರಿಗೆ ಹೋದರು. ಹೊಸ ಹೊಸ ಅಫ್ರೀನರು ಬಂದರು, "ಅಗೀರಿ ಆಂಟಿ" ಎನ್ನುತ್ತಿದ್ದವರು ಬರಬರುತ್ತ "ಡಿಗ್ ಆಂಟಿ" ಎಂದರು. ಚಮಚ ಅದೇ.

ದೀಕ್ಷಾ, ನಿನಗೆ ನಾನು ಹೇಳಬಹುದಾದದ್ದು ಇಷ್ಟೇ. ಬೇರೆಯವರ ಮೇಜಿನ ಮೇಲೆ ಗುಂಡಿ ಕಂಡರೆ, ಮುಚ್ಚುವ ಮೊದಲು ಯಾರು ತೋಡಿದ್ದು ಎಂದು ಕೇಳು. ಚುಕ್ಕೆ ಕಂಡರೆ ಒರೆಸುವ ಮೊದಲು ಹೆಸರು ಕೇಳು. ಉಳಿದದ್ದನ್ನೆಲ್ಲ ನಿನ್ನ ಮಿಸ್ಸುಗಳು ಹೇಳಿಕೊಡುತ್ತಾರೆ.

ನಿವೃತ್ತಿಯ ವರ್ಷ ಕಾಲುನೋವಿನಿಂದ ಪ್ರದರ್ಶನದ ದಿನ ಹೋಗಲಾಗಲಿಲ್ಲ. ಆ ವರ್ಷದ ನೌರುವನ್ನು ಯಾರೂ ಅಗೆಯಲಿಲ್ಲ. ಅದನ್ನು ಮನೆಗೆ ಕಳಿಸಿಕೊಟ್ಟರು. ಈಗ ಐನ್ ಖಾಲಿದ್‌ನ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಇರುವ ಹಲಗೆ ಅದೇ. ನನ್ನ ಹೊಳೆ, ನನ್ನ ಎರಡು ಗದ್ದೆ ಎಲ್ಲ ಅದರಲ್ಲಿ ಇವೆ, ಆ ವರ್ಷ ಆಸೆಗೆ ಹಾಕಿದ್ದೆ. ಕೆಲವು ದಿನಗಳಿಂದ ಒಂದು ಜೋಡಿ ಪಾರಿವಾಳ ಬಂದು ನಡುವಿನ ಬಯಲನ್ನು ಕುಕ್ಕುತ್ತಿವೆ. ರೋಹನ್ ಅವನ್ನು ಓಡಿಸಲು ಚಪ್ಪಲಿ ಎತ್ತಿಕೊಳ್ಳುತ್ತಾನೆ. ಓಡಿಸಬೇಡ ಮಗಾ. ಅವತ್ತು ಏನೂ ಮಾಡದೆ ನನ್ನ ಕೈಲಿ ಬೈಸಿಕೊಂಡ ಜಾತಿ ಅದು, ಈಗಾದರೂ ತಿನ್ನಲಿ. ನಿನ್ನೆ ನೋಡಿದೆ, ತಿಂದ ಗುಂಡಿಯಲ್ಲೇ ಸ್ವಲ್ಪ ಹಿಕ್ಕೆಯನ್ನೂ ಹಾಕಿವೆ. ಒರೆಸಲು ಬಟ್ಟೆ ತಂದವಳು ಹಾಗೆಯೇ ಒಳಗೆ ಬಂದೆ.